ಬೆಂಡಿನ ಟ್ಯಾಂಕಿನ ಎರಡನೇ ಮುಚ್ಚಳ

ಝಳಕಿಯ ಶೇವಂತೆವ್ವ ವರ್ಷಕ್ಕೊಂದು ಟ್ಯಾಂಕು ಮಾಡುತ್ತಿದ್ದಳು. ಯುದ್ಧದ ಟ್ಯಾಂಕು, ತೋಪು ಇರುವಂಥದ್ದು. ಬಣವಿಯಿಂದ ದಪ್ಪನೆಯ ಜೋಳದ ಕಣಕಿ, ಅಂದರೆ ಒಣದಂಟು, ಆರಿಸಿ ತಂದು, ಹಲ್ಲಿನಿಂದ ಮೇಲಿನ ಸಿಬರು ಸುಲಿದು, ಒಳಗಿನ ಬಿಳಿ ಬೆಂಡನ್ನು ಬ್ಲೇಡಿನಿಂದ ಹೋಳು ಮಾಡಿ, ಆ ಸಿಬರನ್ನೇ ಮೊಳೆಯಂತೆ ಚುಚ್ಚಿ ಜೋಡಿಸುತ್ತಿದ್ದಳು. ನಮ್ಮ ಕಡೆ ಹುಡುಗರು ಇದೇ ಬೆಂಡಿನಿಂದ ಚಕ್ಕಡಿ ಮಾಡಿ ಆಡುತ್ತಾರೆ. ದೊಡ್ಡ ಹೆಂಗಸೊಬ್ಬಳು ಆ ಕೆಲಸಕ್ಕೆ ಹದಿನೈದು ದಿನ ಕೂರುವುದನ್ನು ಕಂಡು ಮೊದಮೊದಲು ಓಣಿಯ ಮಂದಿ ನಗುತ್ತಿದ್ದರಂತೆ. ಅವಳು ಯಾರ ನಗೆಗೂ ಸೊಪ್ಪು ಹಾಕುವವಳಲ್ಲ. ಕುರಿ ಮೇಯಿಸಿಕೊಂಡು ಬಂದು, ರೊಟ್ಟಿ ತಟ್ಟಿ, ಕಟ್ಟೆಯ ಮೇಲೆ ಬ್ಲೇಡು ಹಿಡಿದು ಕೂತಳೆಂದರೆ ಮುಗಿಯಿತು, ಕರೆದರೂ ತಿರುಗಿ ನೋಡುತ್ತಿರಲಿಲ್ಲ.

ಟ್ಯಾಂಕು ತಯಾರಾಗುತ್ತಿದ್ದುದು ಮಾನಮಿ ಅಮಾಸೆಗೆ. ಅಂದು ಮನೆಮನೆಯಲ್ಲಿ ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತಾರೆ. ಅವರು ಬದುಕಿದ್ದಾಗ ಇಷ್ಟಪಟ್ಟದ್ದನ್ನು, ಬಳಸಿದ್ದನ್ನು ಎಡೆಯ ಪಕ್ಕಕ್ಕೆ ಇಡುತ್ತಾರೆ. ಕೆಲವರ ಮನೆಯಲ್ಲಿ ಎಲೆ ಅಡಿಕೆ, ಕೆಲವರ ಮನೆಯಲ್ಲಿ ತಲೆಗೆ ಸುತ್ತುವ ಪಟಗ, ಒಂದು ಮನೆಯಲ್ಲಂತೂ ಚಹದ ಬಸಿ. ಶೇವಂತೆವ್ವನ ಗಂಡ ಮಾಳಿಂಗ ಟ್ಯಾಂಕಿನ ಡ್ರೈವರನಾಗಿದ್ದ. ಅರವತ್ತೈದನೇ ಇಸವಿಯ ಸೆಪ್ಟೆಂಬರಿನಲ್ಲಿ ಪಂಜಾಬದ ಗಡಿಯಲ್ಲಿ ಆ ಟ್ಯಾಂಕಿನೊಳಗೇ ತೀರಿಕೊಂಡ. ಮದುವೆಯಾಗಿ ಹತ್ತು ತಿಂಗಳಾಗಿತ್ತು, ಅದರಲ್ಲಿ ಇಬ್ಬರೂ ಒಂದೇ ಸೂರಿನಡಿ ಇದ್ದದ್ದು ನಾಲ್ವತ್ತೊಂದು ದಿನ. ಅವಳಿಗಾಗ ಹದಿನೆಂಟು.

ಮಾಳಿಂಗನ ಸಾವಿನ ಕಥೆಯನ್ನು ಊರಿಗೆ ತಂದವನು ತಂಗಡಗಿಯ ಶ್ರೀಶೈಲಪ್ಪ. ಕೃಷ್ಣೆಯ ದಂಡೆಯ ಹೊಲಮನೆಯವನು, ಮಾಳಿಂಗನದೇ ಪಲ್ಟನ್ನಿನಲ್ಲಿದ್ದವನು. ಆ ವರ್ಷದ ದೀಪಾವಳಿಗೆ ಮಾಳಿಂಗನ ಕರಿ ಟ್ರಂಕನ್ನು ಹೊತ್ತು ತಂದು, ಮಾಳಿಂಗನ ತಾಯಿಯ ಮುಂದೆ ಇಳಿಸಿ, ಅತ್ತು ಹೋದ. ಶೇವಂತೆವ್ವ ಗಂಡ ಸತ್ತ ದುಃಖದಲ್ಲಿ ಒಳಮನೆಯಲ್ಲಿದ್ದಳು, ಅವನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಐದಾರು ತಿಂಗಳು ಬಿಟ್ಟು ಮತ್ತೆ ಬಂದ. ಈ ಸಲ ಓಣಿಯ ನಾಲ್ಕು ಜನರನ್ನು ಕೂರಿಸಿಕೊಂಡು, ಶೇವಂತೆವ್ವನನ್ನೂ ಹೊರಗೆ ಕರೆಸಿ, ಎಲ್ಲ ಬಿಡಿಸಿ ಹೇಳಿದ. ತಾನೂ ಮಾಳಿಂಗನೂ ಒಂದೇ ಟ್ಯಾಂಕಿನಲ್ಲಿದ್ದೆವು. ಮುಂದುಗಡೆ ಎರಡು ಮುಚ್ಚಳ; ಒಂದರ ಕೆಳಗೆ ಮಾಳಿಂಗ ಗಾಡಿ ನಡೆಸುತ್ತ, ಇನ್ನೊಂದರ ಕೆಳಗೆ ತಾನು ಸಣ್ಣ ಮಶಿನ್ ಗನ್ ಹಿಡಿದು. ಇಬ್ಬರ ನಡುವೆ ಒಂದು ಮೊಳ ಜಾಗ. ಗುಂಡು ಬಿದ್ದಾಗ ಮಾಳಿಂಗ ತನ್ನ ಕೈ ಹಿಡಿದುಕೊಂಡ. "ಅವ್ವನ್ನ ಒಬ್ಬಾಕಿನ್ನ ಬಿಟ್ಟು ಹೋಗಬ್ಯಾಡಂತ ಶೇವಂತಿಗೆ ಹೇಳು" ಅಂದ. ಅಷ್ಟೇ, ಕೈ ಸಡಿಲಾಯಿತು.

ಈ ಮಾತು ಬಂದ ಹೊತ್ತೂ ಅಂಥದ್ದೇ ಇತ್ತು. ಶೇವಂತೆವ್ವನ ತವರು ದೇವಣಗಾಂವ. ಅಲ್ಲಿನ ಸೋಮನಿಂಗ ಎಂಬವನ ಹೆಂಡತಿ ಹೆರಿಗೆಯಲ್ಲಿ ಹೋಗಿದ್ದಳು. ಅವರಲ್ಲಿ ಗಂಡ ಸತ್ತ ಹುಡುಗಿಗೆ ಉಡಿಕಿ ಮಾಡುವ ಪದ್ಧತಿ ಇದೆ: ಹೊಸ ಸೀರೆ ಉಡಿಸಿ, ಹಿರಿಯರ ಎದುರಿಗೆ ಇನ್ನೊಂದು ಮನೆ ತುಂಬಿಸುತ್ತಾರೆ, ಅದರಲ್ಲಿ ಹೀನಾಯವೇನಿಲ್ಲ. ಶೇವಂತೆವ್ವನ ಅಪ್ಪ ಬಂದು ಕೇಳಿದ್ದ. ಅವಳೂ ಒಪ್ಪಿದ್ದಳು. ಸೋಮನಿಂಗನನ್ನು ಚಿಕ್ಕಂದಿನಿಂದ ಬಲ್ಲಳು, ಸಿಟ್ಟಿಗೇಳದ ಮನುಷ್ಯ. ಬಸವ ಜಯಂತಿ ಕಳೆದ ಮೇಲೆ ಎಂದು ಮಾತಾಗಿತ್ತು. ಅಷ್ಟರೊಳಗೆ ಶ್ರೀಶೈಲಪ್ಪ ಬಂದು ಸತ್ತವನ ಮಾತು ಹೇಳಿದ. ಅತ್ತೆ ಸೆರಗು ಬಾಯಿಗೊತ್ತಿಕೊಂಡು ಸೊಸೆಯನ್ನೇ ನೋಡುತ್ತ ಕೂತಳು. ಶೇವಂತೆವ್ವ ಅಪ್ಪನಿಗೆ, ಸೋಮನಿಂಗನಿಗೆ ಬೇರೆ ಕಡೆ ನೋಡಿಕೊಳ್ಳಲು ಹೇಳೆಂದಳು. ಮೊದಲ ಸಲ ಬಂದಾಗಲೇ ಈ ಮಾತನ್ನೇಕೆ ಹೇಳಲಿಲ್ಲ ಎಂದು ಆ ನಾಲ್ಕು ಜನರಲ್ಲಿ ಒಬ್ಬನೂ ಕೇಳಲಿಲ್ಲ. ಗಡ್ಡ ಮೀಸೆ ಹೊತ್ತು ಕೂತಿದ್ದರು, ಚಹ ಕುಡಿದು ಎದ್ದು ಹೋದರು!

ಅಂದಿನಿಂದ ಶ್ರೀಶೈಲಪ್ಪ ಆ ಮನೆಯ ಮಗನಾದ. ಎಡೆಯ ದಿನ ಸತ್ತವರ ಹೆಸರಿನಲ್ಲಿ ಒಬ್ಬರನ್ನು ಕೂರಿಸಿ ಉಣ್ಣಿಸಬೇಕು. ಮಾಳಿಂಗನ ಹೆಸರಿನ ಎಲೆಗೆ ಅವನೇ ಕೂರುತ್ತಿದ್ದ. ಪಲ್ಟನ್ನಿನಲ್ಲಿದ್ದಷ್ಟು ದಿನ ರಜೆ ಸಿಕ್ಕ ವರ್ಷ, ಪಿಂಚಣಿಯಾದ ಮೇಲೆ ತಪ್ಪದೆ ಪ್ರತಿ ವರ್ಷ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಬಿಜಾಪುರ ಎಂದು ಮೂರು ಬಸ್ಸು ಬದಲಿಸಿ ಝಳಕಿಗೆ ಬಂದಿಳಿಯುತ್ತಿದ್ದ. ಪೇಟ ಸುತ್ತಿ, ಕೋಟಿನ ಮೇಲೆ ಪದಕ ಚುಚ್ಚಿಕೊಂಡು ಬರುತ್ತಿದ್ದ. ಊರ ಸಾಲೆಯವರು ಅವನನ್ನು ಒಮ್ಮೆ ಆಗಸ್ಟ್ ಹದಿನೈದಕ್ಕೂ ಕರೆಸಿದರು. ಮಕ್ಕಳೆದುರು ಆ ಎರಡು ಮುಚ್ಚಳದ ಕಥೆ ಹೇಳಿ ಮಾಸ್ತರರನ್ನೆಲ್ಲ ಅಳಿಸಿ ಹೋದ.

ಈಗ ಒಂದು ಮಾತು ಹೇಳಬೇಕು, ಅದನ್ನು ಶೇವಂತೆವ್ವ ಯಾರೆದುರಿಗೂ ಬಾಯಿ ಬಿಟ್ಟು ಹೇಳಿರಲಿಲ್ಲ. ಅವಳಿಗೆ ಗಂಡನ ಮೇಲೆ ಸಿಟ್ಟಿತ್ತು. ಸಾಯುವಾಗಲೂ ಅವ್ವ ಅಂದನಲ್ಲ, ನನ್ನ ಹೆಸರು ತೆಗೆದದ್ದೂ ಅವ್ವನ ಚಾಕರಿಗೇ ಅಂದನಲ್ಲ, ನನಗೆಂದು ಒಂದು ಮಾತು ಇರಲಿಲ್ಲವೇ ಇವನ ಹತ್ತಿರ? ನಾಲ್ವತ್ತೊಂದು ದಿನದಲ್ಲಿ ಒಂದು ದಿನವಾದರೂ ನೆನಪಿಗೆ ಬರಲಿಲ್ಲವೇ? ಕುರಿಯ ಹಿಂದೆ ನಡೆಯುತ್ತ ಅವನೊಂದಿಗೆ ಜಗಳಾಡುತ್ತಿದ್ದಳು. ಜಗಳ ಮುಗಿದ ಮೇಲೆ ಅವನಿಗಾಗಿ ಅಳುತ್ತಿದ್ದಳು. ಅಮಾಸೆಗೆ ಶ್ರೀಶೈಲಪ್ಪ ಬಂದಾಗ, ಹೋಳಿಗೆ ಬಡಿಸುತ್ತ, ಕಣ್ಣು ಎತ್ತದೆ, ಮತ್ತೇನಾದರೂ ಅಂದಿದ್ದರೇನು ಎಂದು ಕೇಳುತ್ತಿದ್ದಳು. ಶ್ರೀಶೈಲಪ್ಪ ತಲೆ ಅಲ್ಲಾಡಿಸುತ್ತಿದ್ದ. ಗದ್ದಲದಲ್ಲಿ ಅಷ್ಟೇ ಕೇಳಿಸಿತು ತಾಯಿ, ಮತ್ತೇನೋ ಅಂದನೋ ಏನೋ, ನೆನಪಾಗುವುದಿಲ್ಲ ಎನ್ನುತ್ತಿದ್ದ.

ನೆನಪಾಗುವುದಿಲ್ಲ ಎಂದನೇ ಹೊರತು ಇಲ್ಲ ಎನ್ನಲಿಲ್ಲ. ಆ ಒಂದು ಎಳೆ ಹಿಡಿದುಕೊಂಡು ಶೇವಂತೆವ್ವ ಟ್ಯಾಂಕು ಮಾಡಲು ಕೂತಳು. ಅವಳ ಲೆಕ್ಕ ಹೀಗೆ: ಕಳೆದ ಕುರಿ ಎಲ್ಲಿ ತಪ್ಪಿತೆಂದು ನೆನಪಾಗಬೇಕಾದರೆ ಹೋದ ದಾರಿಯಲ್ಲೇ ತಿರುಗಿ ನಡೆಯಬೇಕು. ಟ್ಯಾಂಕು ಇದ್ದ ಹಾಗೇ ಆಗಿಬಿಟ್ಟರೆ, ಗಾಲಿ, ಸರಪಳಿ, ಮುಚ್ಚಳ, ಕೂರುವ ಜಾಗ ಎಲ್ಲ ಕರಾರುವಾಕ್ಕಾಗಿ ಕಣ್ಣೆದುರು ಬಂದರೆ, ಶ್ರೀಶೈಲಪ್ಪನಿಗೆ ಆ ಉಳಿದ ಮಾತೂ ನೆನಪಾಗುತ್ತದೆ. ನಗಬೇಡಿ. ಓದಿದವರು ಇದಕ್ಕಿಂತ ಸಡಿಲವಾದ ಎಳೆ ಹಿಡಿದು ಬದುಕು ಕಳೆದದ್ದನ್ನು ನಾನು ಕಂಡಿದ್ದೇನೆ.

ಅವಳ ಹತ್ತಿರ ಒಂದೇ ಒಂದು ಫೋಟೋ ಇತ್ತು. ಮಾಳಿಂಗ ಟ್ಯಾಂಕಿನ ಮಗ್ಗುಲಲ್ಲಿ ನಿಂತು, ಅದರ ಮೇಲೆ ಎತ್ತಿನ ಮೇಲೆ ಇಟ್ಟಂತೆ ಕೈಯಿಟ್ಟಿದ್ದ. ಹಿಂದೆ ಅರ್ಧ ಟ್ಯಾಂಕು ಮಾತ್ರ ಕಾಣುತ್ತಿತ್ತು. ಅವನನ್ನು ಮೂರು ಬೆರಳು ಎತ್ತರವೆಂದು ಇಟ್ಟುಕೊಂಡು, ಅದರ ಮೇಲೆ ಉಳಿದ ಅಳತೆ ತೆಗೆದಳು. ಒಂದು ಗೇಣು ಉದ್ದದ ಟ್ಯಾಂಕಾಯಿತು. ಆದರೆ ಫೋಟೋದಲ್ಲಿ ಕಂಡದ್ದಕ್ಕೂ ಶ್ರೀಶೈಲಪ್ಪ ಹೇಳಿದ್ದಕ್ಕೂ ತಾಳೆಯಾಗುತ್ತಿರಲಿಲ್ಲ. ಫೋಟೋದಲ್ಲಿ ಗಾಲಿಗಳ ಮೇಲ್ಭಾಗಕ್ಕೆ ಕಬ್ಬಿಣದ ಪಟ್ಟಿ ಮುಚ್ಚಿತ್ತು. ಅವಳು ಹಾಗೇ ಮಾಡಿದಳು. ಶ್ರೀಶೈಲಪ್ಪ ಬಂದು, ನಮ್ಮದು ಶರ್ಮನ್ ಟ್ಯಾಂಕು ತಾಯಿ, ಅದಕ್ಕೆ ಈ ಪಟ್ಟಿ ಇರಲಿಲ್ಲ, ಗಾಲಿ ಬಯಲಿಗೇ ಇದ್ದವು ಎಂದ. ಕಿತ್ತು ಹಾಕಿದಳು. ಫೋಟೋದಲ್ಲಿ ತೋಪಿನ ಕೊಳವೆ ನಡುವೆ ಹಾವು ಇಲಿ ನುಂಗಿದಂತೆ ಉಬ್ಬಿತ್ತು. ಅವಳು ಸಣ್ಣ ದಂಟಿಗೆ ದಾರ ಸುತ್ತಿ ಉಬ್ಬು ಮಾಡಿದಳು. ಶ್ರೀಶೈಲಪ್ಪ ಅದೂ ಇರಲಿಲ್ಲವೆಂದ. ಫೋಟೋ ತೋರಿಸಿದರೆ, ಅದು ಬೇರೆ ಪಲ್ಟನ್ನಿನ ಗಾಡಿ, ಚೆಂದ ಕಾಣುತ್ತದೆಂದು ಮಾಳಿಂಗ ಅದರ ಮುಂದೆ ನಿಂತು ಹೊಡೆಸಿಕೊಂಡ ಎಂದ. ಶೇವಂತೆವ್ವ ದಾರ ಬಿಚ್ಚಿದಳು. ಒಳಗೆ ಕೂತಿದ್ದವನ ಮಾತು ದೊಡ್ಡದೋ, ಹೊರಗಿನಿಂದ ತೆಗೆದ ಫೋಟೋ ದೊಡ್ಡದೋ? ಮುಂದುಗಡೆ ಮಾತ್ರ ಎರಡು ಮುಚ್ಚಳಗಳನ್ನು ತಪ್ಪದೆ ಮಾಡುತ್ತಿದ್ದಳು, ತೆಗೆದು ಹಾಕಲು ಬರುವಂತೆ.

ಅತ್ತೆಯನ್ನು ಇಪ್ಪತ್ತಾರು ವರ್ಷ ಸಾಕಿದಳು. ಸಾಕಿದಳೆಂದರೆ ಬಾಯಿಮಾತಲ್ಲ. ಕಡೆಯ ಮೂರು ವರ್ಷ ಮುದುಕಿ ನೆಲ ಹಿಡಿದಿದ್ದಳು, ತಿರುಗಿ ಮಲಗಿಸುವುದಕ್ಕೂ ಶೇವಂತೆವ್ವನೇ ಬೇಕಿತ್ತು. ಅತ್ತೆಯೂ ಕೆಟ್ಟವಳಲ್ಲ. ಹೊಡೆದವಳಲ್ಲ, ಬೈದವಳಲ್ಲ, ಇದ್ದ ರೊಟ್ಟಿಯಲ್ಲಿ ದೊಡ್ಡದನ್ನು ಸೊಸೆಯ ತಾಟಿಗೆ ಹಾಕಿದವಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದರೂ ಇಷ್ಟು ಮಾಡುತ್ತಿರಲಿಲ್ಲ ಎಂದು ಬಂದವರೆದುರು ಹೇಳುತ್ತಿದ್ದಳು. ತೊಂಬತ್ತೆರಡರಲ್ಲಿ ತೀರಿಕೊಂಡಳು. ಅಂದಿನಿಂದ ಅಮಾಸೆಗೆ ಎರಡು ಎಡೆ.

ತೊಂಬತ್ತಾರರಲ್ಲಿ ಊರಿನ ಸಾಲೆಗೆ ವಿದ್ಯಾವತಿ ಎಂಬ ಅಕ್ಕೋರು ವರ್ಗವಾಗಿ ಬಂದರು. ಶೇವಂತೆವ್ವನ ಪಕ್ಕದ ಮನೆಯಲ್ಲೇ ಬಾಡಿಗೆಗೆ ನಿಂತರು. ಬೆಂಡಿನ ಟ್ಯಾಂಕು ನೋಡಿ ನಗದ ಮೊದಲಿಗರು ಅವರೇ. ಅಳತೆಪಟ್ಟಿ ತಂದು ಉದ್ದಗಲ ಬರೆದುಕೊಂಡರು. ಸೊಲ್ಲಾಪುರದ ಹಳೇ ಪುಸ್ತಕದ ಅಂಗಡಿಯಲ್ಲಿ ಟ್ಯಾಂಕಿನ ಚಿತ್ರಗಳಿದ್ದ ಹರಕು ಇಂಗ್ಲಿಷ್ ಪುಸ್ತಕವೊಂದನ್ನು ಹುಡುಕಿ ತಂದು, ಶರ್ಮನ್ನಿನ ಪುಟ ತೆಗೆದು ತೋರಿಸಿದರು. ಶೇವಂತೆವ್ವ ಆ ಚಿತ್ರವನ್ನೂ ಫೋಟೋವನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ಕೂತಳು. ಶ್ರೀಶೈಲಪ್ಪ ಹೇಳಿದ್ದೆಲ್ಲ ಚಿತ್ರದಲ್ಲಿತ್ತು: ಎರಡು ಮುಚ್ಚಳ, ಬಯಲು ಗಾಲಿ, ಮುಂದುಗಡೆ ಸಣ್ಣ ಗನ್ನು. ಮನುಷ್ಯ ಸುಳ್ಳು ಹೇಳಿಲ್ಲವೆಂದು ಅವಳಿಗೆ ಸಮಾಧಾನವಾಯಿತು. ಫೋಟೋದಲ್ಲಿ ಮಾಳಿಂಗ ಬೇರೆಯವರ ಟ್ಯಾಂಕಿಗೆ ಅಷ್ಟು ಸಲುಗೆಯಿಂದ ಕೈಯಿಟ್ಟದ್ದು ಹೇಗೆ ಎಂಬುದೊಂದು ಮಾತ್ರ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

ಆ ಮುಳ್ಳನ್ನು ಒಳಗೆ ದೂಡಿದವನು ಚಮನಸಾಬ. ಸಿಂದಗಿಯವನು, ಮಿಲಿಟರಿಯಲ್ಲಿ ಟ್ಯಾಂಕು ರಿಪೇರಿ ಮಾಡಿ ಪಿಂಚಣಿ ಪಡೆದು, ತೊಂಬತ್ತೆಂಟರ ಬೇಸಿಗೆಯಲ್ಲಿ ಝಳಕಿಯ ಹೈವೇ ಬದಿಗೆ ಟ್ರ್ಯಾಕ್ಟರ್ ರಿಪೇರಿಯ ಶೆಡ್ಡು ಹಾಕಿದ್ದ. ಅಕ್ಕೋರೇ ಫೋಟೋ ಸಮೇತ ಶೇವಂತೆವ್ವನನ್ನು ಅವನ ಹತ್ತಿರ ಕರೆದುಕೊಂಡು ಹೋದರು. ಚಮನಸಾಬ ಕೈಯ ಗ್ರೀಸು ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಫೋಟೋವನ್ನು ಬೆಳಕಿಗೆ ಹಿಡಿದ. ಗುರುತಿಸಲು ಒಂದು ಕ್ಷಣವೂ ಬೇಕಾಗಲಿಲ್ಲ.

"ಇದು ಶರ್ಮನ್ ಅಲ್ಲ ತಂಗೆವ್ವ, ಸೆಂಚುರಿಯನ್" ಅಂದ. "ಈ ಪಟ್ಟಿ ನೋಡು, ಈ ಕೊಳವಿ ಉಬ್ಬು ನೋಡು. ಉಬ್ಬು ಇಲ್ಲದ ಹಳೇ ಕೊಳವಿ ಬ್ಯಾರೆ, ಅದಕ್ಕ ಬಾಯಿ ಹತ್ರ ಬಳಿ ಇರತೈತಿ. ಇದು ಹೊಸ ನಮೂನಿ. ಈ ಗಾಡಿ ಸಾವಿರ ಸಲ ಬಿಚ್ಚೇನಿ ನಾನು."

ಅದು ಬೇರೆ ಪಲ್ಟನ್ನಿನ ಗಾಡಿಯೆಂದು ಶೇವಂತೆವ್ವ ಹೇಳಿದಳು. ಚಮನಸಾಬ ಮಾಳಿಂಗನ ಪಲ್ಟನ್ನು ಯಾವುದೆಂದು ಕೇಳಿದ. ಪಿಂಚಣಿಯ ಕಾಗದದಲ್ಲಿ ನೋಡಿದ ಆ ನಂಬರನ್ನು ಅಕ್ಕೋರು ಹೇಳಿದರು. ಚಮನಸಾಬ ಕನ್ನಡಕ ತೆಗೆದ. ಆ ಪಲ್ಟನ್ನಿನಲ್ಲಿ ಆಗ ಶರ್ಮನ್ನು ಒಂದೂ ಇರಲಿಲ್ಲ, ಯುದ್ಧವಾದ ಎರಡನೇ ವರ್ಷ ತಾನೇ ಅವರ ಗಾಡಿಗಳ ಗಾಲಿ ಬದಲಿಸಿದ್ದೇನೆ, ಇದ್ದವೆಲ್ಲ ಸೆಂಚುರಿಯನ್ನು ಎಂದ. ಮತ್ತೆ, ಹೇಳಲೋ ಬೇಡವೋ ಎಂದು ಅನುಮಾನಿಸುತ್ತ, ಸೆಂಚುರಿಯನ್ನಿನ ಮುಂದುಗಡೆ ಒಂದೇ ಆಳು, ಡ್ರೈವರ್ ಮಾತ್ರ ಎಂದ.

ಶೇವಂತೆವ್ವನಿಗೆ ಮೈಯೆಲ್ಲ ಉರಿದುಹೋಯಿತು. ಸಿಟ್ಟು ಬಂದದ್ದು ಶ್ರೀಶೈಲಪ್ಪನ ಮೇಲಲ್ಲ, ಪಾಪ, ಈ ಚಮನಸಾಬನ ಮೇಲೆ. ಮೂವತ್ತಮೂರು ವರ್ಷ ನಮ್ಮ ಮನೆಯಲ್ಲಿ ಉಂಡ ಅಣ್ಣ ಸುಳ್ಳು, ಮೊನ್ನೆ ಬಂದು ಶೆಡ್ಡು ಹಾಕಿದ ನೀನು ಖರೆಯೋ ಎಂದು ಬಾಯಿಗೆ ಬಂದದ್ದು ಅಂದು, ಫೋಟೋ ಕಸಿದುಕೊಂಡು ಬಂದುಬಿಟ್ಟಳು. ಚಮನಸಾಬ ಮತ್ತೆ ತನ್ನ ಕೆಲಸಕ್ಕೆ ಹತ್ತಿದ. ಅವನು ತಿರುಗಿ ಜಗಳಕ್ಕೆ ಬಾರದ್ದೇ ಅವಳಿಗೆ ಮನೆಗೆ ಬಂದ ಮೇಲೆ ಕಾಡಿತು. ಎರಡು ದಿನ ಬ್ಲೇಡು ಮುಟ್ಟಲಿಲ್ಲ. ಮೂರನೆಯ ದಿನ ಅಕ್ಕೋರ ಬಾಗಿಲಿಗೆ ಹೋಗಿ, ಈ ಟ್ಯಾಂಕುಗಳನ್ನು ಎಲ್ಲಿಯಾದರೂ ಕಣ್ಣಾರೆ ನೋಡಲು ಸಿಗುತ್ತದೆಯೇ ಎಂದು ಕೇಳಿದಳು.

ಸಿಗುತ್ತಿತ್ತು. ಅಹ್ಮದನಗರದಲ್ಲಿ ಹಳೇ ಟ್ಯಾಂಕುಗಳನ್ನು ಸಾಲಾಗಿ ನಿಲ್ಲಿಸಿದ ಮ್ಯೂಸಿಯಮ್ಮು ಇತ್ತು. ಶ್ರಾವಣದಲ್ಲಿ ಸಾಲೆಗೆ ಎರಡು ದಿನ ಸೂಟಿ ಬಂದಾಗ, ಕುರಿಗಳನ್ನು ಓಣಿಯ ಜನ್ನತಬಿಗೆ ಒಪ್ಪಿಸಿ, ಬುತ್ತಿ ಕಟ್ಟಿಕೊಂಡು, ಸೊಲ್ಲಾಪುರಕ್ಕೆ ಹೋಗಿ ಅಲ್ಲಿಂದ ಅಹ್ಮದನಗರದ ಬಸ್ಸು ಹಿಡಿದರು. ಶೇವಂತೆವ್ವ ದಾರಿಯುದ್ದಕ್ಕೂ ಸೊಂಟದ ಚೀಲದಲ್ಲಿ ಅಳತೆಯ ದಾರವನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು.

ಮೊದಲು ಶರ್ಮನ್ನು ಸಿಕ್ಕಿತು. ಎತ್ತರದ ಗಾಡಿ, ಎರಡು ಮುಚ್ಚಳ. ಇವಳ ಕೈ ತಾನಾಗಿ ಹೋಗಿ ಎರಡನೆಯ ಮುಚ್ಚಳದ ಕಡೆ ನಿಂತಿತು. ಇದೇ ಇರಲಪ್ಪಾ ಎಂದು ಒಳಗೊಳಗೇ ಬೇಡಿಕೊಂಡಳು. ಆಮೇಲೆ ಸೆಂಚುರಿಯನ್ನಿನ ಮುಂದೆ ಬಂದು ನಿಂತಳು. ಗಾಲಿಗೆ ಪಟ್ಟಿ, ಕೊಳವೆಗೆ ಉಬ್ಬು. ಮಾಳಿಂಗ ಕೈಯಿಟ್ಟ ಜಾಗದಲ್ಲೇ ಅದೇ ಮೂಲೆ, ಅದೇ ತಿರುಪು. ಫೋಟೋ ಹಿಡಿದು ನೋಡುವ ಅಗತ್ಯವೇ ಬೀಳಲಿಲ್ಲ. ಮುಂದುಗಡೆ ಬಲಕ್ಕೆ ಡ್ರೈವರನ ಮುಚ್ಚಳ. ಎಡಕ್ಕೆ ಬರೀ ಕಬ್ಬಿಣ.

ಅಲ್ಲಿ ಕಾವಲಿಗಿದ್ದ ಮರಾಠಿ ಸಿಪಾಯಿ ಒಳ್ಳೆಯವನು. ಇವಳೂ ಸೊಲ್ಲಾಪುರದ ಸಂತೆಗೆ ಕುರಿ ಮಾರಲು ಹೋಗಿ ಮರಾಠಿ ಕಲಿತವಳು. ಎಡಕ್ಕೆ ಒಳಗೇನಿದೆ ಎಂದು ಕೇಳಿದಳು. ತೋಪಿನ ಗುಂಡು ಇಡುವ ಜಾಗ ಎಂದ. ಒಬ್ಬ ಮನುಷ್ಯ ಕೂರಬಹುದೇ ಎಂದಳು. ಬೆಕ್ಕು ಕೂರಬಹುದು ಎಂದು ಅವನು ನಕ್ಕ. ಡ್ರೈವರನ ಕೈ ಹಿಡಿಯುವಷ್ಟು ಹತ್ತಿರ ಯಾರಾದರೂ ಇರುತ್ತಾರೇನು ಎಂದಳು. ಯಾರೂ ಇಲ್ಲ ಆಯಿ, ಉಳಿದ ಮೂವರು ಹಿಂದೆ, ಮೇಲುಗಡೆ ತೋಪಿನ ಹತ್ತಿರ; ಡ್ರೈವರ್ ಮುಂದೆ ಒಬ್ಬನೇ, ಕಿವಿಗೆ ಹಾಕಿದ ತಂತಿಯಲ್ಲಿ ಬರುವ ದನಿ ಅಷ್ಟೇ ಅವನಿಗೆ ಸಂಗಾತಿ ಎಂದ. ಶೇವಂತೆವ್ವ ದಾರ ಹಿಡಿದು ಎಲ್ಲ ಅಳೆದಳು. ಗಂಟು ಹಾಕಿ ಹಾಕಿ ಗುರುತು ಮಾಡಿಕೊಂಡಳು. ಅಕ್ಕೋರು ಅವಳ ಮುಖ ನೋಡಿ ಬರೆದುಕೊಳ್ಳುವುದನ್ನೇ ಬಿಟ್ಟರು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಒಂದೇ ಮಾತಾಡಿದಳು.

"ಅವರು ಒಬ್ಬರ ಸತ್ತಾರ ಅಕ್ಕೋರ. ಯಾರ ಕೈನೂ ಇರಲಿಲ್ಲ ಅಲ್ಲಿ."

ಆ ವರ್ಷದ ಟ್ಯಾಂಕಿನ ಮೇಲೆ ಅವಳು ಹಿಂದೆಂದೂ ಕೂರದಷ್ಟು ಕೂತಳು. ಕಣ್ಣಿಗೆ ಕಂಡದ್ದನ್ನು ಇನ್ನೊಬ್ಬರ ಮಾತು ಕೇಳಿ ಎಷ್ಟು ವರ್ಷ ಕಿತ್ತು ಬಿಸಾಡಿದೆ ಎಂದು ತನ್ನ ಮೇಲೆಯೇ ಹೇಸಿಗೆ ಬರುತ್ತಿತ್ತು. ಪಟ್ಟಿ ಹಾಕಿದಳು. ಕೊಳವೆಗೆ ದಾರ ಸುತ್ತಿ ಉಬ್ಬು ಮಾಡಿದಳು. ಮುಂದುಗಡೆ ಬಲಕ್ಕೆ ಒಂದು ಮುಚ್ಚಳ. ಎಡಗಡೆ ಬೆಂಡನ್ನು ನುಣ್ಣಗೆ ಹೆರೆದು ಸುಮ್ಮನೆ ಬಿಟ್ಟಳು.

ಅಮಾಸೆಯ ದಿನ ಶ್ರೀಶೈಲಪ್ಪ ಎಂದಿನಂತೆ ಮಧ್ಯಾಹ್ನದ ಬಸ್ಸಿಗೆ ಬಂದ. ಅರವತ್ತು ದಾಟಿದ್ದ, ಮಂಡಿ ನೋವು ಬೇರೆ. ಕೈಕಾಲು ತೊಳೆದು, ದೇವರ ಜಗಲಿಯ ಮುಂದೆ ಇಟ್ಟ ಎರಡು ಎಡೆಗೆ ಕೈ ಮುಗಿದು, ಮಾಳಿಂಗನ ಹೆಸರಿನ ಎಲೆಯ ಮುಂದೆ ಕೂತ. ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ ಬಡಿಸಿತ್ತು. ಕನ್ನಡಕ ಮೇಲೇರಿಸಿ ಟ್ಯಾಂಕು ನೋಡಿದ.

"ಇದೇನು ಶೇವಂತೆವ್ವಾ, ಈ ವರ್ಷ ಒಂದ ಮುಚ್ಚಳ ಮಾಡಿ?" ಎಂದು ನಕ್ಕ. "ನನ್ನ ಜಾಗಾ ಎಲ್ಲಿ?"

"ಅದನ್ನ ನಿಮ್ಮನ್ನ ಕೇಳಬೇಕಂತ ಕುಂತೇನ್ರಿ ಅಣ್ಣಾರ. ನಿಮ್ಮ ಜಾಗಾ ಎಲ್ಲಿತ್ತು?"

ಅವನ ನಗೆ ಅಲ್ಲಿಗೇ ನಿಂತಿತು. ಶೇವಂತೆವ್ವ ದನಿ ಎತ್ತಲಿಲ್ಲ. ಅಹ್ಮದನಗರಕ್ಕೆ ಹೋಗಿದ್ದನ್ನು, ಎರಡೂ ಟ್ಯಾಂಕು ನೋಡಿದ್ದನ್ನು, ದಾರದಲ್ಲಿ ಅಳೆದದ್ದನ್ನು, ಪಲ್ಟನ್ನಿನಲ್ಲಿ ಶರ್ಮನ್ನು ಒಂದೂ ಇರಲಿಲ್ಲವೆಂಬುದನ್ನು ಒಂದೊಂದಾಗಿ ಹೇಳಿದಳು. ಶ್ರೀಶೈಲಪ್ಪ ಮೊದಲು ಇಷ್ಟು ವರ್ಷದ ಮೇಲೆ ಯಾರಿಗೆ ನೆನಪಿರುತ್ತದೆ ಎಂದ. ಹಾಗಾದರೆ ಹಿಡಿದ ಕೈ ನೆನಪಿದೆಯಲ್ಲ ಎಂದಳು. ಅವನು ಅನ್ನ ಕಲಸಲು ಹೋದವನು ಕೈ ಹಿಂದೆ ತೆಗೆದ. ಟ್ರೇನಿಂಗಿನಲ್ಲಿ ಕೂತಿದ್ದ ಶರ್ಮನ್ನೊಂದೇ ತನಗೆ ಗೊತ್ತಿದ್ದದ್ದು, ಯುದ್ಧದಲ್ಲಿ ತಾನು ಯಾವ ಟ್ಯಾಂಕಿನಲ್ಲೂ ಇರಲಿಲ್ಲ, ಪೆಟ್ರೋಲಿನ ಲಾರಿ ಹೊಡೆಯುತ್ತಿದ್ದೆ ಎಂದ. ಮಾಳಿಂಗನ ಗಾಡಿಗೆ ಗುಂಡು ಬಿದ್ದಾಗ ಆರು ಮೈಲು ಹಿಂದೆ ಇದ್ದನಂತೆ.

ಶೇವಂತೆವ್ವನಿಗೆ ಒಂದು ಗಳಿಗೆ ಹಗುರಾಯಿತು. ಕೂತ ಜಾಗ ಸುಳ್ಳಾದರೆ ಆ ಮಾತೂ ಸುಳ್ಳು. ಅವ್ವನ ಚಾಕರಿ ಮಾಡೆಂದು ಅವನು ಹೇಳಿಯೇ ಇಲ್ಲ. ಆದರೆ ಕೇಳದೆ ಇರಲಾಗಲಿಲ್ಲ.

"ಅಂದ್ರ ಅವರು ಏನೂ ಹೇಳಲೇ ಇಲ್ಲ?"

ಶ್ರೀಶೈಲಪ್ಪ ಇಲ್ಲ ಎಂದಿದ್ದರೆ ಮುಗಿದು ಹೋಗುತ್ತಿತ್ತು. ಮುದುಕನಾಗಿದ್ದ, ಸುಳ್ಳು ಹೊತ್ತು ಹೊತ್ತು ಸಾಕಾಗಿತ್ತೋ ಏನೋ.

"ಹೇಳಿದ್ದ" ಅಂದ. "ಎರಡು ದಿನ ಮೊದಲ, ಸಂಜಿಗೆ ಪೆಟ್ರೋಲ್ ತುಂಬಾಕ ಹೋದಾಗ. ನಾ ಬರಲಿಲ್ಲಂದ್ರ ಶೇವಂತಿಗೆ ಉಡಿಕಿ ಮಾಡ್ಕೊ ಅಂತ ಹೇಳು ಅಂದ. ಆಕಿ ಇನ್ನೂ ಹುಡುಗಿ ಐತಿ, ನನ್ನ ಹೆಸರ ಹಿಡಕೊಂಡು ಕುಂದರೂದು ಬ್ಯಾಡ ಅಂದ. ನಮ್ಮವ್ವ ಬಿಡಂಗಿಲ್ಲ, ನೀನ ಖುದ್ದ ಆಕಿ ಮುಂದ ನಿಂತು ಹೇಳು ಅಂದ."

ಶೇವಂತೆವ್ವ, ಖುದ್ದಾಗಿ ನಿಂತು ಹೇಳು ಎಂದವನ ಮಾತನ್ನು ಯಾರಿಗೆ ಹೇಳಿದಿರಿ ಎಂದು ಕೇಳಿದಳು. ಅವಳ ಅತ್ತೆಗೆ, ಎಂದ. ಟ್ರಂಕು ತಂದ ದಿನ ಶೇವಂತೆವ್ವ ಒಳಗಿದ್ದಳಲ್ಲ, ತಾಯಿಗೇ ಹೇಳಿದನಂತೆ. ತಾಯಿ ಕಾಲು ಹಿಡಿದುಕೊಂಡಳಂತೆ: ಮಗ ಹೋದ, ಈ ಹುಡುಗಿಯೂ ಹೋದರೆ ನಾನು ಗೋಡೆ ನೋಡಿಕೊಂಡು ಸಾಯಬೇಕು, ಆ ಮಾತು ನಿನ್ನ ಹೊಟ್ಟೆಯಲ್ಲೇ ಇರಲಿ ಎಂದು. ಸೋಮನಿಂಗನ ಮಾತು ಹತ್ತಿದಾಗ ಕಾರ್ಡು ಬರೆಸಿ ಮತ್ತೆ ಕರೆಸಿದಳಂತೆ. ಸುಮ್ಮನೆ ಹೇಳಿದರೆ ನಂಬುವುದಿಲ್ಲ, ಒಂದೇ ಟ್ಯಾಂಕಿನಲ್ಲಿದ್ದೆ, ಪ್ರಾಣ ಹೋಗುವಾಗ ಅಂದ ಎಂದು ಹೇಳು ಎಂದವಳೂ ಅವಳೇ. ಮುದುಕಿಯ ಗೋಳು ನೋಡಲಾಗದೆ ಹೇಳಿದೆ, ಆಮೇಲೆ ಊರೆಲ್ಲ ಕೈ ಮುಗಿಯಲು ಹತ್ತಿತು, ಹಿಂದೆ ಸರಿಯಲು ಮುಖ ಇರಲಿಲ್ಲ ಎಂದು ಶ್ರೀಶೈಲಪ್ಪ ಅತ್ತ.

ಅಳಲಿ. ಇಪ್ಪತ್ತಾರು ವರ್ಷ ಒಂದೇ ಒಲೆಯ ಮುಂದೆ ಕೂತು, ದೊಡ್ಡ ರೊಟ್ಟಿ ಸೊಸೆಗೆ ಹಾಕುತ್ತ, ಗಂಡನಿಗಾಗಿ ಅಳುವ ಸೊಸೆಯ ಬೆನ್ನು ಸವರುತ್ತ, ಆ ಹೆಂಗಸು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಸತ್ತಳು. ನೆಲ ಹಿಡಿದ ಮೂರು ವರ್ಷದಲ್ಲಿ ಒಂದು ದಿನವೂ ನಾಲಿಗೆ ಹೊರಳಲಿಲ್ಲ. ಬದುಕಿದ್ದಿದ್ದರೆ ಶೇವಂತೆವ್ವ ಮುಖಕ್ಕೆ ಮುಖ ಕೊಟ್ಟು ಕೇಳುತ್ತಿದ್ದಳು. ಸತ್ತವಳನ್ನು ಎಲ್ಲಿ ಹುಡುಕಿ ಬೈಯುವುದು? ತನ್ನ ಕೈಯಾರೆ ಮೀಯಿಸಿ ಮಣ್ಣು ಮಾಡಿ ಬಂದಿದ್ದಳು. ಉಡಿಕಿ ತಪ್ಪಿದ್ದಕ್ಕೂ ಅವಳಿಗೆ ಅಷ್ಟು ನೋವಾಗಲಿಲ್ಲ. ಸೋಮನಿಂಗ ಎಲ್ಲಿಯೋ ಸುಖವಾಗಿದ್ದ. ನೋವಾದದ್ದು ಇನ್ನೊಂದಕ್ಕೆ, ಅದನ್ನು ಬಾಯಿ ಬಿಟ್ಟು ಹೇಳಿದಳು.

"ನನಗ ಬಂದ ಒಂದ ಒಂದು ಮಾತು ಅದು. ಅದನ್ನ ನೀವಿಬ್ಬರೂ ಹಂಚ್ಕೊಂಡ್ರಿ. ಮೂವತ್ತಮೂರು ವರ್ಷ ನಾ ಅವರ ಮ್ಯಾಲೆ ಸಿಟ್ಟು ಮಾಡೇನಿ, ಸತ್ತವರ ಮ್ಯಾಲೆ. ಈಗ ಅವರ ಮಾಫಿ ನಾ ಎಲ್ಲಿ ಹೋಗಿ ಕೇಳ್ಲಿ?"

ಶ್ರೀಶೈಲಪ್ಪ ಪೇಟ ಎತ್ತಿಕೊಂಡು ಏಳಲು ಹೋದ. ಉಣ್ಣದೆ ಹೋಗಬೇಡಿರೆಂದು ಅವಳೇ ತಡೆದಳು. ಬೇರೊಂದು ಎಲೆಗೆ ಬಡಿಸಿ ಹೊರಗಿನ ಕಟ್ಟೆಯ ಮೇಲೆ ಇಟ್ಟಳು. ಹಸಿದವರನ್ನು ಈ ಮನೆಯಿಂದ ಕಳಿಸಿದ್ದಿಲ್ಲ, ಆದರೆ ಇನ್ನು ಅವರ ಹೆಸರಿನ ಮೇಲೆ ಬೇಡ, ನಿಮ್ಮ ಹೆಸರಿನ ಮೇಲೆ ಉಣ್ಣಿರಿ ಎಂದಳು. ಅವನು ಎರಡು ತುತ್ತು ತಿಂದ, ಇಳಿಯಲಿಲ್ಲ. ಬಿಜಾಪುರದ ಬಸ್ಸಿಗೆ ಕುಂಟುತ್ತ ಹೋದ. ಮತ್ತೆಂದೂ ಝಳಕಿಗೆ ಬರಲಿಲ್ಲ.

ಅವನು ಹೋದ ಮೇಲೆ ಶೇವಂತೆವ್ವ ಗಂಡನ ಎಲೆಯ ಮುಂದೆ ತಾನೇ ಕೂತಳು. ಅಳುತ್ತಳುತ್ತಲೇ ಉಂಡಳು, ಒಂದು ಅಗುಳೂ ಬಿಡದೆ. ಆಮೇಲೆ ಎದ್ದು ಎರಡನೆಯ ಎಡೆಯನ್ನು, ಹೋಳಿಗೆ ಸಮೇತ, ಹಾಗೇ ಎತ್ತಿಕೊಂಡು ಹೋಗಿ ಕುರಿಗಳ ಮುಂದೆ ಸುರಿದು ಬಂದಳು. ಊಟಕ್ಕೆ ಕರೆದಿದ್ದಳೆಂದು ವಿದ್ಯಾವತಿ ಅಕ್ಕೋರು ಬಂದಾಗ ಜಗಲಿಯ ಮುಂದೆ ಟ್ಯಾಂಕೊಂದೇ ಇತ್ತು, ಪಕ್ಕದ ನೆಲ ಸಾರಿಸಿ ಹಸಿಯಾಗಿತ್ತು. ಈ ವರ್ಷ ಅತ್ತೆಗೆ ಎಡೆ ಇಡಲಿಲ್ಲವೇ ಎಂದು ಅಕ್ಕೋರು ಕೇಳಿದರು.

"ಇಲ್ರಿ ಅಕ್ಕೋರ" ಅಂದಳು ಶೇವಂತೆವ್ವ. "ಆಕಿ ಪಾಲಿಂದು ಆಕಿ ಉಂಡ ಹೋಗ್ಯಾಳ. ನನ್ನ ಪಾಲಿಂದೂ ಉಂಡಾಳ."